ಪ್ಲೇಟೋ ವ್ಯವಸ್ಥೆ: ಪಾಠದ ಕರ್ತೃತ್ವದ ಪ್ರಶ್ನೆ

ಸಂಶೋಧಕರು, ಅಧ್ಯಾಪಕರು, ವಿದ್ಯಾರ್ಥಿಗಳು ಈ ಮೂವರೂ ಕೂಡಿ ಬೋಧನೆಯ ಸಾಫ್ಟ್‌ವೇರನ್ನು ರಚಿಸಬೇಕೆಂಬ ಮಾತು ಇಂದು ಸಾಮಾನ್ಯವಾಗಿದೆ. ಆದರೆ ಕೂಡುವುದೆಂದರೆ ಏನೆಂಬುದನ್ನು ಸ್ಪಷ್ಟಪಡಿಸುವವರು ವಿರಳ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಆರಂಭವಾದ ಪ್ಲೇಟೋ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆಯ ಚರಿತ್ರೆ ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

ಈ ಚರಿತ್ರೆಯ ಮೊದಲ ಘಟ್ಟವೇ ಒಂದು ವೈಫಲ್ಯ. ಪ್ರಯೋಗಾಲಯದ ನಿರ್ದೇಶಕರಾದ ಡೇನಿಯಲ್ ಆಲ್ಪರ್ಟ್ ಅವರು ಎಂಜಿನಿಯರುಗಳು, ಗಣಿತಜ್ಞರು, ಮನಶ್ಶಾಸ್ತ್ರಜ್ಞರು ಮೊದಲಾದವರನ್ನು ಸಭೆ ಸೇರಿಸಿದರು. ವಾರಗಟ್ಟಲೆ ಚರ್ಚಿಸಿದರೂ ಒಂದು ವಿನ್ಯಾಸದಲ್ಲಿ ಒಮ್ಮತ ಮೂಡಲಿಲ್ಲ. ಕಡೆಗೆ ಕಾರ್ಯವನ್ನು ಕೈಗೊಂಡವರು ಡೊನಾಲ್ಡ್ ಬಿಟ್ಜರ್ ಎಂಬ ತರುಣ ಎಂಜಿನಿಯರು. ಸಹಯೋಗವೇ ನಿರರ್ಥಕವೆಂದು ಇದರಿಂದ ಕೆಲವರು ತೀರ್ಮಾನಿಸಬಹುದು. ನಮಗೆ ಅದು ಸಮ್ಮತವಲ್ಲ. ಆ ಸಭೆಯಲ್ಲಿ ಅಭಿಪ್ರಾಯಗಳಿದ್ದುವು. ಎಲ್ಲರೂ ಕೈಯಿಟ್ಟು ತಿದ್ದಬಲ್ಲ ಸಾಧನವೊಂದು ಇರಲಿಲ್ಲ.

ಅಂತಹ ಸಾಧನ 1967ರಲ್ಲಿ ಒದಗಿತು. ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಪಾಲ್ ಟೆನ್ಜರ್ ಅವರು ಟ್ಯೂಟರ್ ಎಂಬ ಭಾಷೆಯನ್ನು ನಿರ್ಮಿಸಿದರು. ಕಂಪ್ಯೂಟರ್ ತಜ್ಞರಲ್ಲದ ಅಧ್ಯಾಪಕರೂ ಅದರಲ್ಲಿ ಪಾಠ ಬರೆಯಬಹುದಾಗಿತ್ತು. ರಸಾಯನಶಾಸ್ತ್ರದ ಪ್ರಾಧ್ಯಾಪಕ ಸ್ಟ್ಯಾನ್ಲಿ ಸ್ಮಿತ್ ಅವರಂಥವರು ಪಾಠದ ಕರ್ತೃಗಳಾದುದು ಹೀಗೆ. 1973ರಲ್ಲಿ 17 ವರ್ಷದ ಡೇವಿಡ್ ವೂಲಿ ನೋಟ್ಸ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಬಳಸುವವರು ತಾವು ಕಂಡ ದೋಷಗಳನ್ನು ಬರೆದಿಡಲೆಂದು ಹುಟ್ಟಿದ ಈ ಏರ್ಪಾಡು ಬೇಗನೆ ಸಾರ್ವಜನಿಕ ಚರ್ಚೆಯ ವೇದಿಕೆಯಾಯಿತು.

ಇಷ್ಟರಿಂದಲೇ ಪ್ಲೇಟೋವನ್ನು ಆದರ್ಶವೆಂದು ಹೊಗಳುವುದು ಉಚಿತವಲ್ಲ. ಇಲ್ಲಿ ನಿರ್ಮಾಪಕರಾದ ವಿದ್ಯಾರ್ಥಿಗಳು ಯಾರು? ಯಂತ್ರದ ಸಮೀಪದಲ್ಲಿದ್ದು ಅದರ ಭಾಷೆಯನ್ನು ಕಲಿತವರು. ಪಾಠ ಕಲಿಯಲೆಂದೇ ಪರದೆಯ ಮುಂದೆ ಕುಳಿತ ಸಾಮಾನ್ಯ ವಿದ್ಯಾರ್ಥಿ ಬಹುಮಟ್ಟಿಗೆ ಪ್ರಯೋಗದ ವಸ್ತುವಾಗಿಯೇ ಉಳಿದನು. 1970ರ ದಶಕದಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯು ಕಮ್ಯೂನಿಟಿ ಕಾಲೇಜುಗಳಲ್ಲಿ ನಡೆಸಿದ ಪರಿಶೀಲನೆಯ ಫಲಿತಾಂಶವೂ ಗಮನಾರ್ಹ: ಅಧ್ಯಾಪಕರೂ ವಿದ್ಯಾರ್ಥಿಗಳೂ ವ್ಯವಸ್ಥೆಯನ್ನು ಮೆಚ್ಚಿದರು; ಕಲಿಕೆಯ ಮಟ್ಟದಲ್ಲಿ ಮಾತ್ರ ಸ್ಥಿರವಾದ ಏರಿಕೆಯಾಗಲಿ ಇಳಿಕೆಯಾಗಲಿ ಕಂಡುಬರಲಿಲ್ಲ. ಆದುದರಿಂದ ಸಹಯೋಗವಿದ್ದ ಮಾತ್ರಕ್ಕೆ ಕಲಿಕೆ ಹೆಚ್ಚುವುದೆಂದು ಭಾವಿಸಲಾಗದು.

ಹಾಗಾದರೆ ಸಹಯೋಗದ ಬೆಲೆ ಯಾವುದರಲ್ಲಿದೆ? ಅದು ಅಧಿಕಾರದ ಹಂಚಿಕೆಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ಪಠ್ಯಪುಸ್ತಕದಲ್ಲಿ ತಪ್ಪಿದ್ದರೆ ಅಧ್ಯಾಪಕನು ತರಗತಿಯಲ್ಲಿಯೇ ಅದನ್ನು ತಿದ್ದಿ ಹೇಳಬಲ್ಲನು. ಸಿದ್ಧವಾಗಿ ಬಂದ ಸಾಫ್ಟ್‌ವೇರು ಉತ್ತರವನ್ನು ತಪ್ಪೆಂದು ಗುರುತಿಸಿದಾಗ ಅವನೂ ವಿದ್ಯಾರ್ಥಿಯೊಡನೆ ನಿರುಪಾಯನಾಗಿ ನಿಲ್ಲುತ್ತಾನೆ. ಸಲಹೆ ಕೇಳುವುದು ಸೌಜನ್ಯ. ತಿದ್ದುವ ಹಕ್ಕನ್ನು ಕೊಡುವುದು ಸಹಯೋಗ. ಕಾಲೇಜುಗಳಿಗೆ ಹೊಸ ಬೋಧನಾ ಸಾಧನಗಳು ಬಂದಾಗಲೆಲ್ಲ ಅವುಗಳ ಬೆಲೆಯನ್ನೂ ಸೌಲಭ್ಯಗಳನ್ನೂ ವಿಚಾರಿಸುತ್ತೇವೆ. ಅದರೊಡನೆ, ಇದರಲ್ಲಿನ ಒಂದು ವಾಕ್ಯವನ್ನು ಬದಲಿಸಬೇಕಾದರೆ ಯಾರ ಅಪ್ಪಣೆ ಬೇಕೆಂಬುದನ್ನೂ ಕೇಳುವುದು ಅಧ್ಯಾಪಕವರ್ಗದ ಕರ್ತವ್ಯವಾಗಿದೆ.