ತಾಮ್ರದ ಸರ್ಪ: ಬೈಬಲಿನ ಮುನ್ನೆರಳುಗಳನ್ನು ಕುರಿತು ಒಂದು ವಿವೇಚನೆ

ಕ್ರೈಸ್ತ ವ್ಯಾಖ್ಯಾನ ಪರಂಪರೆಯಲ್ಲಿ ಗ್ರೀಕ್ ಭಾಷೆಯ 'ಟೂಪೊಸ್' ಎಂಬ ಶಬ್ದಕ್ಕೆ ವಿಶೇಷವಾದ ಸ್ಥಾನವಿದೆ. ಒತ್ತಿದಾಗ ಮೂಡುವ ಗುರುತು, ಅಚ್ಚು ಎಂಬುದು ಅದರ ಮೂಲಾರ್ಥ. ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಪೌಲನು ಆದಾಮನನ್ನು ಬರಬೇಕಾಗಿದ್ದವನ ಟೂಪೊಸ್ ಎಂದು ಕರೆದಿದ್ದಾನೆ. ಕನ್ನಡದಲ್ಲಿ ಇದನ್ನು 'ಸಂಕೇತ' ಅಥವಾ 'ಪ್ರತೀಕ' ಎಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಹಾಗೆ ಮಾಡಿದಾಗ ಪರಿಭಾಷೆಯ ಜೀವಾಳವೇ ಕೈಬಿಟ್ಟುಹೋಗುತ್ತದೆ. ಪ್ರತೀಕಕ್ಕೆ ಕಾಲದ ಹಂಗಿಲ್ಲ. ಟೂಪೊಸ್ ಆದರೋ ಕಾಲದಲ್ಲಿ ಹಿಂದುಮುಂದಾಗಿ ನಿಂತ ಎರಡು ಘಟನೆಗಳ ಅಥವಾ ಇಬ್ಬರು ವ್ಯಕ್ತಿಗಳ ನಡುವಣ ಸಂಬಂಧ. ಎರಡೂ ನಿಜವಾಗಿ ನಡೆದವು ಎಂಬ ನಂಬಿಕೆಯೇ ಈ ಓದಿನ ತಳಹದಿ ಎಂಬುದನ್ನು ಎರಿಕ್ ಔರ್‌ಬಾಖ್ 1938ರ ತನ್ನ 'ಫಿಗುರ' ಪ್ರಬಂಧದಲ್ಲಿ ವಿಶದಪಡಿಸಿದ್ದಾನೆ. ನಾವು ಇಲ್ಲಿ 'ಮುನ್ನೆರಳು' ಎಂಬ ಶಬ್ದವನ್ನು ಬಳಸುತ್ತೇವೆ.

ನಮ್ಮ ಪ್ರಾಚೀನ ಕಾವ್ಯಗಳನ್ನು ಬಲ್ಲವರಿಗೆ ಇಲ್ಲಿ ಎರಡು ಹೋಲಿಕೆಗಳು ಹೊಳೆಯಬಹುದು. ಪಂಪನು 'ವಿಕ್ರಮಾರ್ಜುನವಿಜಯ'ದಲ್ಲಿ ಅರ್ಜುನನಿಗೂ ಅರಿಕೇಸರಿಗೂ ಅಭೇದವನ್ನು ಕಲ್ಪಿಸಿದನು; 'ಆದಿಪುರಾಣ'ದ ಭವಾವಳಿಯಲ್ಲಿ ಮಹಾಬಲ, ಲಲಿತಾಂಗ, ವಜ್ರಜಂಘ ಮುಂತಾದ ಜನ್ಮಗಳ ಮೂಲಕ ಒಂದೇ ಜೀವವು ಆದಿತೀರ್ಥಂಕರತ್ವದ ಕಡೆಗೆ ಸಾಗುವುದನ್ನು ಚಿತ್ರಿಸಿದನು. ಮುನ್ನೆರಳು ಇವೆರಡರಿಂದಲೂ ಭಿನ್ನವಾದುದು. ಅಲ್ಲಿ ಅಭೇದವಿಲ್ಲ, ಜೀವದ ಏಕತೆಯೂ ಇಲ್ಲ. ಆದಾಮನು ಕ್ರಿಸ್ತನಲ್ಲ, ಒಬ್ಬನಿಂದ ಮರಣ, ಇನ್ನೊಬ್ಬನಿಂದ ಜೀವ ಎಂಬ ವೈದೃಶ್ಯದ ಮೇಲೆಯೇ ಪೌಲನ ವಾದ ನಿಂತಿದೆ. ಸಾದೃಶ್ಯ, ವೈದೃಶ್ಯಗಳೆರಡೂ ಏಕಕಾಲಕ್ಕೆ ಇರಬೇಕೆಂಬುದೇ ಇದರ ಲಕ್ಷಣ.

ಇದನ್ನು ಒಂದು ನಿದರ್ಶನದಿಂದ ಪರಿಶೀಲಿಸೋಣ. ಹಳೆಯ ಒಡಂಬಡಿಕೆಯ ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ, ಗೊಣಗಿದ ಇಸ್ರಾಯೇಲ್ಯರನ್ನು ವಿಷಸರ್ಪಗಳು ಕಚ್ಚುತ್ತವೆ. ಮೋಶೆಯು ದೇವರ ಅಪ್ಪಣೆಯಂತೆ ತಾಮ್ರದ ಸರ್ಪವೊಂದನ್ನು ಮಾಡಿ ಕಂಬದ ಮೇಲೆ ಇಡುತ್ತಾನೆ. ಅದನ್ನು ನೋಡಿದವರು ಬದುಕುತ್ತಾರೆ. ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಯೇಸು ನಿಕೊದೇಮನೊಡನೆ ಮಾತನಾಡುತ್ತ, ಮನುಷ್ಯಕುಮಾರನೂ ಆ ಸರ್ಪದಂತೆ ಎತ್ತಲ್ಪಡಬೇಕು ಎನ್ನುತ್ತಾನೆ. ಇಲ್ಲಿನ ಗ್ರೀಕ್ ಕ್ರಿಯಾಪದಕ್ಕೆ ಮೇಲೆತ್ತುವುದು, ಮಹಿಮೆಗೇರಿಸುವುದು ಎಂಬ ಎರಡು ಅರ್ಥಗಳಿವೆ. ಶಿಲುಬೆಗೇರುವುದೇ ಮಹಿಮೆಗೇರುವುದೂ ಹೌದು ಎಂಬ ಸುವಾರ್ತೆಯ ದರ್ಶನವು ಈ ಶ್ಲೇಷೆಯಲ್ಲಿ ಅಡಗಿದೆ. ಕೊಲ್ಲುವುದರ ಆಕಾರದಲ್ಲಿಯೇ ಕಾಯುವುದು ಕಾಣಿಸಿಕೊಳ್ಳುವುದು ಎರಡು ಸಂದರ್ಭಗಳಿಗೂ ಸಮಾನ. ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗೊರಿಯು ಮೋಶೆಯ ಜೀವನವನ್ನು ಕುರಿತ ತನ್ನ ಕೃತಿಯಲ್ಲಿ, ಸರ್ಪದ ರೂಪವಿದ್ದರೂ ವಿಷವಿಲ್ಲದ ಈ ಪ್ರತಿಮೆಯನ್ನು ಪಾಪವಿಲ್ಲದ ಕ್ರಿಸ್ತನಿಗೆ ಹೊಂದಿಸಿದನು.

ಆದರೆ ಈ ಕಥೆಯು ಕ್ರೈಸ್ತರಿಗಾಗಿ ಕಾದು ಕುಳಿತಿರಲಿಲ್ಲ. ಸುವಾರ್ತೆಗಿಂತ ಹಿಂದೆ ಯೆಹೂದ್ಯರೇ ಗ್ರೀಕಿನಲ್ಲಿ ರಚಿಸಿದ 'ಸೊಲೊಮೋನನ ಜ್ಞಾನಗ್ರಂಥ'ವು, ಬದುಕಿಸಿದ್ದು ಕಣ್ಣಿಗೆ ಕಂಡ ವಸ್ತುವಲ್ಲ, ದೇವರು ಎಂದು ವಿವರಿಸಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾದಲ್ಲಿ, ಸರ್ಪವು ಕೊಲ್ಲುತ್ತದೆಯೇ, ಬದುಕಿಸುತ್ತದೆಯೇ ಎಂಬ ಪ್ರಶ್ನೆಯನ್ನೆತ್ತಿ, ಜನರು ಮೇಲೆ ನೋಡಿ ಪರಲೋಕದ ತಂದೆಗೆ ಹೃದಯವನ್ನು ಒಪ್ಪಿಸಿದಾಗ ಗುಣವಾಯಿತು ಎಂಬ ಉತ್ತರವನ್ನು ಕೊಡಲಾಗಿದೆ. ಮೂಲಕಥೆಯು ತನ್ನಷ್ಟಕ್ಕೆ ಪೂರ್ಣಾರ್ಥವನ್ನು ಹೊಂದಿದೆ ಎಂಬುದಕ್ಕೆ ಇದು ಸಾಕ್ಷಿ. ಮುನ್ನೆರಳಿನ ಓದು ಈ ಪೂರ್ಣತೆಯನ್ನು ಅಳಿಸಿದರೆ, ಅದು ಒಂದು ಜನಾಂಗದ ಸ್ಮೃತಿಯನ್ನು ಕೇವಲ ಪೀಠಿಕೆಯನ್ನಾಗಿ ಮಾಡುತ್ತದೆ. ಅದರ ದುಷ್ಪರಿಣಾಮಗಳನ್ನು ಯುರೋಪಿನ ಇತಿಹಾಸ ಕಂಡಿದೆ. ಬೈಬಲಿನ ಯೆಹೂದ್ಯ ಓದೂ ಸಾಧ್ಯವಾದ ಓದೇ ಎಂದು ಪೋಪ್ ಪೀಠದ ಬೈಬಲ್ ಆಯೋಗವು 2001ರಲ್ಲಿ ಒಪ್ಪಿಕೊಂಡಿತು.

ಮುನ್ನೆರಳನ್ನು ಹುಡುಕುವ ಉತ್ಸಾಹವು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ 'ಬಾರ್ನಬನ ಪತ್ರ' ಒಂದು ಉದಾಹರಣೆ. ಆದಿಕಾಂಡದಲ್ಲಿ ಅಬ್ರಹಾಮನ ಬಳಿ 318 ಸೇವಕರಿದ್ದರೆಂದಿದೆ. ಗ್ರೀಕ್ ಅಕ್ಷರಗಳೇ ಅಂಕಿಗಳೂ ಆಗುವುದರಿಂದ 18 ಯೇಸುವಿನ ಹೆಸರಿನ ಮೊದಲೆರಡು ಅಕ್ಷರಗಳನ್ನೂ, 300 ಶಿಲುಬೆಯಾಕಾರದ ಅಕ್ಷರವನ್ನೂ ಸೂಚಿಸುತ್ತವೆ ಎಂದು ಪತ್ರಕಾರನು ವಾದಿಸುತ್ತಾನೆ. ಕಥೆ ಇರುವುದು ಹೀಬ್ರೂ ಭಾಷೆಯಲ್ಲಿ; ಲೆಕ್ಕವಾದರೋ ಗ್ರೀಕಿನದು. ಇಲ್ಲಿ ಘಟನೆಗಳ ನಡುವೆ ಸಂಬಂಧವೇ ಇಲ್ಲ, ಇರುವುದು ಅಕ್ಷರಚಮತ್ಕಾರ ಮಾತ್ರ. ತಾಮ್ರದ ಸರ್ಪದ ಓದಿನಲ್ಲಿ ಘಟನೆಯ ಒಳರಚನೆಯೇ, ಎಂದರೆ ಅಪರಾಧ, ಮರಣಭಯ, ಎತ್ತಲ್ಪಟ್ಟುದರ ಕಡೆಗೆ ನೋಟ, ಬದುಕು ಎಂಬ ಕ್ರಮವೇ ಮುಂದಿನದನ್ನು ಕರೆಯುತ್ತದೆ. ಸಾಧುವಾದ ಓದನ್ನೂ ಸ್ವೈರವಾದ ಓದನ್ನೂ ಬೇರ್ಪಡಿಸುವ ಮಾನದಂಡವನ್ನು ನಾವು ಇಲ್ಲಿ ಗುರುತಿಸಬಹುದು.

ಈ ಸರ್ಪದ ಕಥೆ ಅರಣ್ಯದಲ್ಲಿಯೇ ಮುಗಿಯುವುದಿಲ್ಲ. ಅರಸುಗಳ ಎರಡನೆಯ ಗ್ರಂಥದ 18ನೆಯ ಅಧ್ಯಾಯದ ಪ್ರಕಾರ, ಜನರು ಅದಕ್ಕೆ ಧೂಪ ಹಾಕುತ್ತಿದ್ದುದನ್ನು ಕಂಡು ಅರಸನಾದ ಹಿಜ್ಕೀಯನು ಅದನ್ನು ಒಡೆದುಹಾಕಿದನು. 'ನೆಹುಷ್ಟಾನ್' ಎಂಬ ಅದರ ಹೆಸರಿನಲ್ಲಿ ಸರ್ಪ, ತಾಮ್ರ ಎಂಬೆರಡು ಹೀಬ್ರೂ ಶಬ್ದಗಳ ಧ್ವನಿಯೂ ಕೇಳಿಸುತ್ತದೆ. ತನ್ನಾಚೆಗೆ ಬೆರಳು ಮಾಡಿ ತೋರಬೇಕಾದುದು ತಾನೇ ಆರಾಧ್ಯವಾದಾಗ ಒಡೆಯಬೇಕಾಯಿತು. ವ್ಯಾಖ್ಯಾನಕಾರರಿಗೂ ಈ ಎಚ್ಚರ ಅಗತ್ಯ. ತಮ್ಮ ಹೊಂದಾಣಿಕೆಯ ಚಾತುರ್ಯಕ್ಕೆ ತಾವೇ ಧೂಪ ಹಾಕತೊಡಗಿದ ದಿನ, ಮೂಲಗ್ರಂಥವು ಅವರ ಕಣ್ಣಿನಿಂದ ಮರೆಯಾಗಿರುತ್ತದೆ.