ಅರಸು ಹೆಸರು ಬೇಕು, ಅರಸು ಕಾಯ್ದೆ ಬೇಡ

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಕತ್ತೆತ್ತಿ ನೋಡಿ. ಆಕಾಶ ಕಾಣೋದಿಲ್ಲ, ಫ್ಲೆಕ್ಸು ಕಾಣುತ್ತೆ. ಮೇಲುಗಡೆ ಅಂಚೆಚೀಟಿಯಷ್ಟಗಲ ಅಂಬೇಡ್ಕರ್, ಪಕ್ಕದಲ್ಲಿ ಪೈಪು ಹಿಡಿದ ದೇವರಾಜ ಅರಸು. ನಡುವೆ ಕೈ ಮುಗಿದು ನಿಂತ ಆಳೆತ್ತರದ ನಾಯಕ. ಒಂದು ಬದಿಗೆ ಸಿನಿಮಾ ನಟ. ಅವನಿಗೂ ಈ ಪುಢಾರಿಯ ಹುಟ್ಟುಹಬ್ಬಕ್ಕೂ ಏನು ಸಂಬಂಧವೋ! ಕೆಳಗೆ 'ಶುಭ ಕೋರುವವರು': ಕೂಲಿಂಗ್ ಗ್ಲಾಸು ಹಾಕಿಕೊಂಡ ನಮ್ಮ ಹುಡುಗರು. ಕೇರಿಯ ಹುಡುಗರೂ ಇದ್ದಾರೆ, ಕೊನೇ ಸಾಲಿನಲ್ಲಿ. ಊರಲ್ಲಿ ಮನೆಗಳು ಯಾವ ಕ್ರಮದಲ್ಲಿವೆಯೋ ಫ್ಲೆಕ್ಸಿನಲ್ಲಿ ಮುಖಗಳೂ ಅದೇ ಕ್ರಮದಲ್ಲಿವೆ.

ಕಥೆ, ಕವನಗಳ ವಿಮರ್ಶೆ ಬರೆಯುವ ಕಡೆ ಫ್ಲೆಕ್ಸಿನ ಮಾತು ಯಾಕೆ ಅಂತ ಗೆಳೆಯರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ದಿನಾ ಬೆಳಗಾದರೆ ಓದುವ ಸಾಹಿತ್ಯ ಇದೇ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಕಾನೂನು ಮಾಡುವವರ ಮುಖ ಕಾನೂನು ಮುರಿದ ಹಾಳೆಯ ಮೇಲೆ ನಗುತ್ತಿದೆ. ಕೃತಿಯ ಮೊದಲ ಅರ್ಥ ಇದು. ಇನ್ನುಳಿದ ಅರ್ಥ ತಿಳಿಯಬೇಕಾದರೆ 2019ನೇ ಇಸವಿಗೆ ಹೋಗಬೇಕು.

ಆ ವರ್ಷ ಲೋಕಸಭಾ ಚುನಾವಣೆ. ಕೆ.ಆರ್. ನಗರ ಮಂಡ್ಯ ಕ್ಷೇತ್ರಕ್ಕೆ ಸೇರಿದ್ದು. ಒಂದು ಕಡೆ ಮುಖ್ಯಮಂತ್ರಿಯ ಮಗ ನಿಖಿಲ್, ಅವರೂ ನಟರೇ. ಇನ್ನೊಂದು ಕಡೆ ಪಕ್ಷೇತರರಾಗಿ ನಟಿ ಸುಮಲತಾ. ಅವರ ಪರವಾಗಿ ದರ್ಶನ್, ಯಶ್ ಬಂದರು. ಜನ ಅವರನ್ನು 'ಜೋಡೆತ್ತು' ಅಂದರು. ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಮುಖ್ಯಮಂತ್ರಿಯ ಮನೆತನವನ್ನೇ ಜನ ಸೋಲಿಸಿದರಲ್ಲ, ಅದು ಸಣ್ಣ ಮಾತಲ್ಲ. ಆದರೆ ತಿಂಗಳುಗಟ್ಟಲೆ ಟಿ.ವಿ.ಯಲ್ಲಿ ಎತ್ತುಗಳದ್ದೇ ಸುದ್ದಿ. ಎತ್ತಿನ ಹಿಂದೆ ನೇಗಿಲು ಹಿಡಿದವನು ಯಾರು, ಅವನು ಉಳುವ ಹೊಲ ಯಾರದ್ದು? ಅದು ಸುದ್ದಿಯಾಗಲಿಲ್ಲ.

ಅದೇ ವರ್ಷ ಹುಣಸೂರಿಗೆ ಉಪಚುನಾವಣೆ ಬಂತು. 2018ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಎ.ಎಚ್. ವಿಶ್ವನಾಥ್ ರಾಜೀನಾಮೆ ಕೊಟ್ಟು, ಅನರ್ಹರಾಗಿ, ಬಿಜೆಪಿಯಿಂದ ನಿಂತರು. ಚುನಾವಣೆಗೆ ಮುಂಚೆ ಅವರು ಎತ್ತಿದ ಬೇಡಿಕೆ: ಮೈಸೂರು ಜಿಲ್ಲೆ ಒಡೆದು, ಹುಣಸೂರು ಕೇಂದ್ರವಾಗಿ, ಈ ನಾಲ್ಕು ತಾಲ್ಲೂಕುಗಳ ಸೀಮೆಗೆ 'ದೇವರಾಜ ಅರಸು ಜಿಲ್ಲೆ' ಅಂತ ಹೆಸರಿಡಬೇಕು. ಡಿಸೆಂಬರಿನಲ್ಲಿ ಅವರು ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಎದುರು ಸೋತರು. ಜಿಲ್ಲೆಯ ಮಾತೂ ತಣ್ಣಗಾಯಿತು.

ಬೇಡಿಕೆಯೇ ತಪ್ಪು ಅಂತ ನಾನು ಹೇಳೋದಿಲ್ಲ. ಕೋಟೆಯ ಕಾಡಂಚಿನ ಹಾಡಿಯವನು ಒಂದು ಕಾಗದಕ್ಕೆ ಮೈಸೂರಿನ ಡಿಸಿ ಕಚೇರಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಯಿತು. ಈ ನಾಲ್ಕು ತಾಲ್ಲೂಕುಗಳು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ: ಕೆ.ಆರ್. ನಗರ ಮಂಡ್ಯಕ್ಕೆ, ಕೋಟೆ ಚಾಮರಾಜನಗರಕ್ಕೆ, ಉಳಿದೆರಡು ಮೈಸೂರಿಗೆ. ಒಟ್ಟಾಗಿ ಕೇಳುವ ಒಂದು ದನಿ ಇಲ್ಲ. ನನ್ನ ತಕರಾರು ಆ ಹೆಸರಿನ ಬಳಕೆಯ ಮೇಲೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಕೂಡ ಹೆಸರಿಟ್ಟವರೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ಅವರ ಕಾಲದಲ್ಲಿ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆ ಜಾರಿಗೆ ಬಂತು. ಗೇಣಿದಾರ 7ನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ಧಣಿಯ ಎದುರಿಗೇ ನಿಂತ. ಇಲ್ಲೇ ಇನ್ನೊಂದು ಮಾತನ್ನೂ ಹೇಳಬೇಕು. ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಆ ಗೇಣಿದಾರನ ಹೊಲದಲ್ಲಿ ಜೀತ, ಕೂಲಿ ಮಾಡುತ್ತಿದ್ದ ನಮ್ಮವರ ಹತ್ತಿರ ಗೇಣಿ ಚೀಟಿ ಎಲ್ಲಿತ್ತು? ಉಳುವವನು ಒಡೆಯನಾದ, ಉಳುವವನ ಆಳು ಆಳಾಗಿಯೇ ಉಳಿದ. ಅರಸು ಬಿಟ್ಟುಹೋದ ಕೆಲಸ ಇದು. ಅವರ ಹೆಸರು ಹೇಳುವವರು ಅಲ್ಲಿಂದ ಮುಂದಕ್ಕೆ ಹೋಗಬೇಕಿತ್ತು.

ಹೋದದ್ದು ಹಿಂದಕ್ಕೆ. ಅರಸು ಜಿಲ್ಲೆ ಕೇಳಿದ ಮರುವರ್ಷವೇ, 2020ರಲ್ಲಿ, ಬಿಜೆಪಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿತು. ಬೇಸಾಯ ಗೊತ್ತಿಲ್ಲದವನೂ ದುಡ್ಡಿದ್ದರೆ ಹೊಲ ಕೊಳ್ಳಬಹುದು ಅಂತಾಯಿತು. ವಿಧಾನ ಪರಿಷತ್ತಿನಲ್ಲಿ ಅದಕ್ಕೆ ಕೈಜೋಡಿಸಿದ್ದು 'ಮಣ್ಣಿನ ಮಕ್ಕಳ' ಪಕ್ಷ ಜೆಡಿಎಸ್. ಅರಸು ಫೋಟೋ ಗೋಡೆಯ ಮೇಲೆ, ಅರಸು ಕಾಯ್ದೆ ಕಸದ ಬುಟ್ಟಿಯಲ್ಲಿ.

ಹೆಸರಿನ ಆಟ ಇದೊಂದೇ ಅಲ್ಲ. ನಾಗರಹೊಳೆಯ ಕಾಡಿಗೆ ರಾಜೀವ್ ಗಾಂಧಿ ಹೆಸರು ಇಟ್ಟರು. ಆ ಕಾಡಿನಿಂದ ಹೊರಬಿದ್ದ ಆದಿವಾಸಿ ಕುಟುಂಬಗಳು 3,418 ಅಂತ ಹೈಕೋರ್ಟು ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಲೆಕ್ಕ ಕೊಟ್ಟಿತು. ಜೇನುಕುರುಬರು ಇಟ್ಟ ಹಾಡಿಯ ಹೆಸರುಗಳು ಯಾವ ಫ್ಲೆಕ್ಸಿನಲ್ಲಿವೆ?

ಅರಸು ಜಿಲ್ಲೆಯ ಚರ್ಚೆ ನಡೆಯುತ್ತಿದ್ದಾಗ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೊರಟಿದ್ದ ಅವ್ವ ಒಬ್ಬಳು ಅಂದಳು: "ಜಿಲ್ಲೆಗೆ ಯಾರ ಹೆಸ್ರಾದ್ರೂ ಮಡಿಕ್ಕಳಿ ಕಣಪ್ಪ. ಪಾಣೀಲಿ ನನ್ನ ಹೆಸ್ರು ಯಾವಾಗ ಬತ್ತದೆ, ಅದ ಹೇಳು." ಇದಕ್ಕಿಂತ ದೊಡ್ಡ ವಿಮರ್ಶೆ ನನ್ನಿಂದಾಗದು.

ಅರಸು ಕಾಲದಲ್ಲೇ ಬಂದ 1978ರ ಪಿಟಿಸಿಎಲ್ ಕಾಯ್ದೆ, ದಲಿತರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಕೊಂಡವರಿಂದ ಮರಳಿ ಕೊಡಿಸುವ ಕಾಯ್ದೆ. 'ತಡವಾಗಿ ಬಂದಿರಿ' ಅಂತ ಕೋರ್ಟುಗಳಲ್ಲಿ ಅರ್ಜಿಗಳು ಬಿದ್ದುಹೋಗುತ್ತಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮವರು ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ಕಾಲಮಿತಿಯ ತಡೆ ತೆಗೆದು ತಿದ್ದುಪಡಿ ಬಂತು. ಅದನ್ನು ತಂದದ್ದು ಫ್ಲೆಕ್ಸಲ್ಲ, ಕೂತ ಜನ.

ಮೇಷ್ಟ್ರುಗಳೇ, ಕಾಲೇಜಿನ ಹುಡುಗರೇ, ಮುಂದಿನ ಸಲ ಫ್ಲೆಕ್ಸಿಗೆ ಅಂತ ಚಂದಾ ಕೇಳಿಕೊಂಡು ಬಂದವನನ್ನು ಕೂರಿಸಿಕೊಂಡು ಕೇಳಿ: 79ಎ ವಾಪಸು ತರಿಸುವಿರಾ? ಕೇರಿಯಲ್ಲಿ ಎಷ್ಟು ಜನರಿಗೆ ಪಾಣಿ ಇದೆ? ಉತ್ತರ ಕೊಟ್ಟರೆ ಆಮೇಲೆ ಚಂದಾ ಮಾತು. ಆ ದುಡ್ಡಲ್ಲಿ ಕೇರಿಯ ನಾಲ್ಕು ಪಿಟಿಸಿಎಲ್ ಅರ್ಜಿ ಬರೆಸಬಹುದು.