ತಲೆಸಾಲಿನ ಸೊಗಸು: ಗೋ ರಸಿಕರಿಗೊಂದು ಕೈಪಿಡಿ

ಗೋ ಭಾಷೆಯ ಕೋಡ್ ಓದಲು ಕೂತಾಗ ಫಂಕ್ಷನ್ನಿನ ಒಳಕ್ಕೆ ಇಳಿಯುವ ಆತುರ ಬೇಡ. ಅದರ ತಲೆಸಾಲಿನ ಮುಂದೆ ತುಸು ನಿಲ್ಲಿ. ಯಾವ ಸ್ಟ್ರಕ್ಟ್‌ಗಳು ಒಳಗೆ ಹೋಗುತ್ತವೆ, ಯಾವ ರೂಪದಲ್ಲಿ ಹೋಗುತ್ತವೆ ಎನ್ನುವುದರಲ್ಲೇ ಬರೆದವರ ಅಭಿರುಚಿ ಗೊತ್ತಾಗುತ್ತದೆ. ರಾಬರ್ಟ್ ಗ್ರೀಸ್‌ಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ 2007ರಲ್ಲಿ ಗೂಗಲ್‌ನಲ್ಲಿ ರೂಪಿಸತೊಡಗಿದ ಈ ಭಾಷೆಯಲ್ಲಿ ಸಲಕರಣೆಗಳು ಕಡಿಮೆ. ಆದ್ದರಿಂದಲೇ ಪ್ರತಿ ಆಯ್ಕೆಗೂ ತೂಕವಿದೆ.

ಮೊದಲು ನಕ್ಷತ್ರ ಚಿಹ್ನೆ ನೋಡಿ. ಗೋದಲ್ಲಿ ಫಂಕ್ಷನ್ನಿಗೆ ಕೊಟ್ಟದ್ದೆಲ್ಲ ನಕಲಾಗಿಯೇ ಹೋಗುತ್ತದೆ. ಸ್ಟ್ರಕ್ಟನ್ನೇ ಕೊಟ್ಟರೆ ಫೀಲ್ಡ್‌ಗಳೆಲ್ಲ ನಕಲಾಗುತ್ತವೆ. ಒಳಗೆ ಒಂದು ಫೀಲ್ಡಿಗೆ ಹೊಸ ಬೆಲೆ ಕೊಟ್ಟರೂ ಮೂಲ ಕದಲದು. ನಕ್ಷತ್ರವಿದ್ದರೆ ಅದು ಪಾಯಿಂಟರ್: ನಕಲಾಗುವುದು ವಿಳಾಸ ಮಾತ್ರ, ತಿದ್ದುಪಡಿ ಮೂಲಕ್ಕೇ ತಾಗುತ್ತದೆ. ಒಂದು ಎಚ್ಚರ: ಸ್ಟ್ರಕ್ಟಿನೊಳಗೆ ಸ್ಲೈಸ್ ಅಥವಾ ಮ್ಯಾಪ್ ಇದ್ದರೆ ನಕಲೂ ಮೂಲವೂ ಅದೇ ದತ್ತಾಂಶವನ್ನು ಹಂಚಿಕೊಂಡಿರುತ್ತವೆ.

ಆಮೇಲೆ ಮೂರು ಚುಕ್ಕಿ. ಕೊನೆಯ ಪ್ಯಾರಾಮೀಟರಿನ ಟೈಪಿಗೆ ಮೊದಲು ಅವು ಕಂಡರೆ, ಆ ಟೈಪಿನ ಎಷ್ಟನ್ನಾದರೂ ಕೊಡಬಹುದು, ಒಂದನ್ನೂ ಕೊಡದಿರಬಹುದು. ಒಳಗೆ ಅವೆಲ್ಲ ಒಂದು ಸ್ಲೈಸ್ ಆಗಿ ಸಿಗುತ್ತವೆ.

ನಿಜವಾದ ಸೊಗಸಿರುವುದು ಬೇರೆ ಬೇರೆ ಬಗೆಯ ಸ್ಟ್ರಕ್ಟ್‌ಗಳು ಒಟ್ಟಿಗೆ ಬರುವಲ್ಲಿ. ಸ್ಟ್ಯಾಂಡರ್ಡ್ ಲೈಬ್ರರಿಯ ಐಓ ಪ್ಯಾಕೇಜಿನಲ್ಲಿರುವ ಮಲ್ಟಿರೀಡರ್ ಇದಕ್ಕೆ ಒಳ್ಳೆಯ ಮಾದರಿ. ತೆರೆದ ಫೈಲು, ಮೆಮೊರಿಯಲ್ಲಿರುವ ಬಫರು, ಸ್ಟ್ರಿಂಗ್ ಓದುವ ರೀಡರು, ಈ ಮೂರರ ಪಾಯಿಂಟರುಗಳನ್ನೂ ಒಂದೇ ಕರೆಯಲ್ಲಿ ಕೊಡಬಹುದು. ಅದು ಒಂದಾದ ಮೇಲೊಂದರಂತೆ ಓದುತ್ತ, ಎಲ್ಲವನ್ನೂ ಒಂದೇ ಹರಿವಾಗಿಸುತ್ತದೆ. ಅದು ಯಾವ ಸ್ಟ್ರಕ್ಟಿನ ಹೆಸರನ್ನೂ ಕೇಳುವುದಿಲ್ಲ. ರೀಡ್ ಎಂಬ ಒಂದೇ ಮೆಥಡ್ ಇರುವ ರೀಡರ್ ಇಂಟರ್‌ಫೇಸನ್ನು ಕೇಳುತ್ತದೆ. ಆ ಮೆಥಡ್ ಇದ್ದರೆ ಸಾಕು, 'ನಾನೂ ರೀಡರ್' ಎಂದು ಎಲ್ಲೂ ಘೋಷಿಸಬೇಕಿಲ್ಲ.

ಇಲ್ಲೊಂದು ಕಟ್ಟುನಿಟ್ಟೂ ಇದೆ. ಫೈಲ್ ಪಾಯಿಂಟರುಗಳ ಸ್ಲೈಸನ್ನು ಮೂರು ಚುಕ್ಕಿ ಹಚ್ಚಿ ಮಲ್ಟಿರೀಡರಿಗೆ ದಾಟಿಸಹೋದರೆ ಕಂಪೈಲರ್ ಒಪ್ಪದು. ಮೆಮೊರಿಯಲ್ಲಿ ಫೈಲ್ ಪಾಯಿಂಟರುಗಳ ಜೋಡಣೆ ಬೇರೆ, ಇಂಟರ್‌ಫೇಸ್ ಬೆಲೆಗಳ ಜೋಡಣೆ ಬೇರೆ. ಲೂಪ್ ಬರೆದು ಒಂದೊಂದನ್ನೇ ರೀಡರುಗಳ ಸ್ಲೈಸಿಗೆ ಸೇರಿಸಬೇಕು. ಇದನ್ನು ಕೊರತೆಯೆಂದು ಎಣಿಸಬೇಡಿ. ಕೆಲಸಕ್ಕೆ ತಗಲುವ ಖರ್ಚು ಓದುಗರ ಕಣ್ಣೆದುರೇ ಇರಲಿ ಎಂಬುದು ಈ ಭಾಷೆಯ ಪ್ರಾಮಾಣಿಕತೆ.

ಇನ್ನು ನಿಮ್ಮ ತಂಡದ ಕೋಡಿನಲ್ಲಿ ನಾಲ್ಕಾರು ಸ್ಟ್ರಕ್ಟ್ ಪಡೆಯುವ ಒಂದು ಫಂಕ್ಷನ್ ಆರಿಸಿಕೊಳ್ಳಿ. ಪ್ರತಿಯೊಂದರಲ್ಲೂ ಅದು ಬಳಸುವ ಫೀಲ್ಡ್, ಮೆಥಡ್ ಯಾವುವೆಂದು ಗುರುತಿಸಿ. ಅಗತ್ಯವಿದ್ದಷ್ಟನ್ನೇ ಕೇಳುವ ತಲೆಸಾಲು ಸಿಕ್ಕಿದರೆ, ಅದನ್ನು ಬರೆದವರಿಗೆ ಹೋಗಿ ಮೆಚ್ಚುಗೆ ಹೇಳಿ.